ಶನಿವಾರದ ಎಡೆಯಲ್ಲಿ ಕೇಕು

ತಗಡಿನ ಡಬ್ಬದ ಮುಚ್ಚಳ ತೆಗೆದರೆ ಬರುವ ಸದ್ದು ನನಗೆ ಗೊತ್ತು. ಮೊದಲು ಕಿರ್ ಎನ್ನುತ್ತದೆ, ಆಮೇಲೆ ಟಪ್ ಎಂದು ಬಿಡುತ್ತದೆ. ಆ ರಾತ್ರಿ ನನಗೆ ಕೇಳಿಸಿದ್ದು ಟಪ್ ಎಂಬುದು ಮಾತ್ರ. ತೆಗೆದವರು ಯಾರೋ, ಕಿರ್ ಎನ್ನದ ಹಾಗೆ ಸುತ್ತಲೂ ಬೆರಳೊತ್ತಿ ನಿಧಾನವಾಗಿ ತೆಗೆದಿದ್ದರು. ಇಲಿಯಾಗಲಿ ಬೆಕ್ಕಾಗಲಿ ಅಷ್ಟು ಯೋಚನೆ ಮಾಡುವುದಿಲ್ಲ.

ಪಕ್ಕದ ಚಾಪೆಯಲ್ಲಿ ಅವ್ವ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಉಸಿರು ಒಂದೇ ಸಮನೆ ಬರುತ್ತಿತ್ತು. ಎದ್ದು ನೋಡಬಹುದಿತ್ತು. ಆದರೆ ತವರಿಗೆ ಬಂದ ಮೊದಲನೆಯ ರಾತ್ರಿಯೇ ದೀಪ ಹಿಡಿದುಕೊಂಡು, ಯಾರು ಏನು ತಿಂದರು ಎಂದು ನೋಡಲು ಹೊರಟರೆ ಚೆನ್ನಾಗಿರುವುದಿಲ್ಲವೆಂದು ಹೊದಿಕೆ ಎಳೆದುಕೊಂಡೆ.

ಡಬ್ಬದಲ್ಲಿದ್ದದ್ದು ಎರಡು ಕೇಕು. ನನ್ನ ಗಂಡ ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತರು. ನಮ್ಮ ಸಾಲುಮನೆಯ ಪಕ್ಕದಲ್ಲಿ ಮಿಸೆಸ್ ಪೆರೇರಾ ಎಂಬ ಆಂಗ್ಲೋ ಇಂಡಿಯನ್ ಹೆಂಗಸು ಇದ್ದರು. ಸೀಮೆಎಣ್ಣೆ ಡಬ್ಬವನ್ನು ಕತ್ತರಿಸಿ ಮಾಡಿದ ಒಲೆಯಲ್ಲಿ, ಕೆಳಗೂ ಮೇಲೂ ಇದ್ದಿಲ ಕೆಂಡ ಹರಡಿ ಕೇಕು ಬೇಯಿಸುವುದನ್ನು ಅವರಿಂದ ಕಲಿತಿದ್ದೆ. ನಾನು ಮೈಸೂರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಮಹಾರಾಣಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದವಳು. ಏನು ಓದಿದೆ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ ವಿವರಿಸುವಷ್ಟರಲ್ಲಿ ಸಾಕಾಗಿಹೋಗುತ್ತದೆ. ಕೇಕು ಹಾಗಲ್ಲ, ಬಾಯಿಗಿಟ್ಟರೆ ಆಯಿತು. ಅದಕ್ಕೇ ಬೆಂಗಳೂರಿನಲ್ಲಿ ರೈಲು ಬದಲಿಸುವಾಗಲೂ, ಫ್ರೆಂಚ್ ರಾಕ್ಸ್ ಸ್ಟೇಷನ್ನಿನಲ್ಲಿ ಇಳಿದು ಚಿನಕುರಳಿಯ ಮೇಲೆ ಬಸ್ಸಿನಲ್ಲಿ ಕೃಷ್ಣರಾಜಪೇಟೆಗೆ ಬರುವಾಗಲೂ, ಅಲ್ಲಿಂದ ಶೀಳನೆರೆ ಕಡೆಯ ನಮ್ಮೂರಿಗೆ ಗಾಡಿಯಲ್ಲಿ ಕುಲುಕಾಡುವಾಗಲೂ ಆ ಡಬ್ಬವನ್ನು ತೊಡೆಯಿಂದ ಇಳಿಸಿರಲಿಲ್ಲ.

ಕೇಕಿಗೆ ಮೊಟ್ಟೆ ಬೇಕು. ಆದ್ದರಿಂದ ವಾರದ ಲೆಕ್ಕವನ್ನೂ ಹಾಕಿಕೊಂಡೇ ಬಂದಿದ್ದೆ. ನಮ್ಮ ಊರಿನ ಗೌಡರ ಮನೆಗಳಲ್ಲಿ ಸೋಮವಾರ ಮಾಡುವವರು ಇದ್ದಾರೆ, ಶನಿವಾರ ಮಾಡುವವರು ಇದ್ದಾರೆ. ನಮ್ಮದು ಶನಿವಾರದ ಮನೆ, ತಿಮ್ಮಪ್ಪನ ಒಕ್ಕಲು. ಅಂದು ಮೊಟ್ಟೆಯಾಗಲಿ ಬಾಡಾಗಲಿ ಯಾರ ಬಾಯಿಗೂ ಬೀಳಬಾರದು. ಉಳಿದ ದಿನ ಅಡ್ಡಿಯಿಲ್ಲ. ಶುಕ್ರವಾರ ಸಂಜೆ ತಲುಪಿ, ಶನಿವಾರ ಡಬ್ಬ ಮುಟ್ಟದೆ, ಭಾನುವಾರ ಎಲ್ಲರಿಗೂ ಹಂಚುವುದೆಂದು ಎಣಿಸಿದ್ದೆ.

ನನಗೆ ತಿಳಿಯದೆ ಇದ್ದದ್ದು ಅತ್ತಿಗೆಯ ಮೇಲಿನ ಹರಕೆ. ಅದನ್ನು ಅವ್ವ ಹೇಳಿದ್ದು ಶುಕ್ರವಾರ ಸಂಜೆ, ನಾನು ಕಾಲು ತೊಳೆದು ಒಳಗೆ ಬಂದು ಕುಳಿತ ಮೇಲೆ.

“ಏಳ್ ತಿಂಗ್ಳು ತುಂಬ್ತದೆ ಕಣವ್ವ ಅವ್ಳ್ಗೆ. ಹೇಮಗಿರಿ ತಿಮ್ಮಪ್ಪಂಗೆ ಅರ್ಕೆ ಒತ್ತಿವ್ನಿ. ಎರ್ಗೆ ಆಗೋ ಗಂಟ ಅವ್ಳ ಬಾಯ್ಗೆ ಮೊಟ್ಟೆ, ಬಾಡು ಒಂದೂ ಬೀಳಾಕಿಲ್ಲ ಅಂತ. ಸನಿವಾರ ಒಂದೇ ಅಲ್ಲ, ಯಾವ ವಾರ್ವೂ ಇಲ್ಲ.”

ಅತ್ತಿಗೆ ಪುಟ್ಟತಾಯಮ್ಮ ಅಲ್ಲೇ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಅವಳಿಗೆ ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಎರಡನೆಯದು ಹುಟ್ಟಿ ಒಂದು ರಾತ್ರಿ ಇತ್ತು. ಅದಾದ ಮೇಲೆ ನನ್ನ ಸೋದರಮಾವ ಮಂಚಯ್ಯ, ತನ್ನ ಮಗಳು ಮಾಯಮ್ಮನನ್ನು ನಮ್ಮಣ್ಣ ಹೊನ್ನಪ್ಪನಿಗೆ ಎರಡನೆಯವಳಾಗಿ ಕೊಡುವ ಮಾತೆತ್ತಿದ್ದ. ಅವ್ವ ಒಂದೇ ಒಂದು ಸಲ ಕಾಯಲು ಕೇಳಿಕೊಂಡಿದ್ದಳು. ಹರಕೆ ಕಟ್ಟಿ ನೋಡುವುದು, ಹರಕೆ ಮುರಿದರೆ, ಇಲ್ಲವೆ ಮಗು ಉಳಿಯದಿದ್ದರೆ, ಮಂಚಯ್ಯ ಹೇಳಿದ ಹಾಗೆ. ಅವ್ವ ಇದನ್ನೆಲ್ಲ ಅತ್ತಿಗೆಯ ಎದುರಿಗೇ ಹೇಳಿದಳು. ಅತ್ತಿಗೆ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ ನನ್ನ ಮುಂದೆ ಇಟ್ಟು, “ಸಾರು ಬಿಸಿ ಐತೆ, ನೋಡ್ಕೊಂಡು ಉಣ್ಣಿ ಜಯಮ್ಮ,” ಎಂದಳು.

ಆ ಹೊತ್ತಿನಲ್ಲಿ, ನಾನು ತಂದಿರುವ ಡಬ್ಬದ ತುಂಬ ಮೊಟ್ಟೆ ಹಾಕಿದ ತಿಂಡಿ ಇದೆ ಎಂದು ಹೇಗೆ ಹೇಳಲಿ? ಅಪಶಕುನದ ಹಾಗೆ ಕೇಳಿಸುತ್ತದೆ ಎನಿಸಿತು. ಹಿಂದಿನ ಸಲ ಊರಿಗೆ ಬಂದಿದ್ದಾಗ, ಮಿಸೆಸ್ ಪೆರೇರಾ ಕೇಕಿಗೆ ಮೊಟ್ಟೆ ಕದಡುವ ರೀತಿಯನ್ನು ನಾನು ಅವ್ವನಿಗೆ ವರ್ಣಿಸಿದ್ದ ನೆನಪು ಬೇರೆ ಅರೆಬರೆಯಾಗಿ ಬಂತು. ಅವ್ವನಿಗೆ ಹೇಳಿದ್ದೆನೋ, ಮೈಸೂರಿನ ಚಿಕ್ಕಮ್ಮನಿಗೋ. ಬೆಳಿಗ್ಗೆ ಸಮಯ ನೋಡಿ ಹೇಳಿದರಾಯಿತೆಂದು ಡಬ್ಬವನ್ನು ಅಡುಗೆಮನೆಯ ಹಲಗೆಯ ಮೇಲಿಟ್ಟೆ.

ಬೆಳಿಗ್ಗೆ ಎದ್ದವಳು ಮೊದಲು ಅದನ್ನೇ ನೋಡಿದೆ. ಒಂದು ಕೇಕಿನ ಅಂಚಿನಲ್ಲಿ ಒಂದು ಹಿಡಿಯಷ್ಟು ಇರಲಿಲ್ಲ. ಕೊಯ್ದದ್ದಲ್ಲ, ಮುರಿದದ್ದು. ಅಣ್ಣ ಬೆಲ್ಲದ ಗಾಡಿಯ ಜೊತೆ ಪೇಟೆಗೆ ಹೋದವನು ಇನ್ನೂ ಬಂದಿರಲಿಲ್ಲ. ಮನೆಯಲ್ಲಿದ್ದದ್ದು ನಾವು ಮೂವರೇ. ನಾನು ತಿಂದಿಲ್ಲ. ಅವ್ವ ನನ್ನ ಪಕ್ಕದಲ್ಲಿದ್ದಳು. ಉಳಿದವಳ ಹೆಸರನ್ನು ಮನಸ್ಸಿನಲ್ಲಿ ಕೂಡ ಹೇಳಿಕೊಳ್ಳಲು ಹೆದರಿ, ಮುಚ್ಚಳ ಒತ್ತಿಟ್ಟು, ಬಟ್ಟೆಯ ಗಂಟು ತೆಗೆದುಕೊಂಡು ಕಾಲುವೆಗೆ ಹೋದೆ. ನಾಲ್ಕು ಸೀರೆ ಒಗೆಯುವಷ್ಟರಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಅವ್ವ, ಡಬ್ಬದಲ್ಲಿರೋದು ಅತ್ತಿಗೆಗೆ ಬೇಡ, ನಾಳೆ ನಾವು ತಿಂದರಾಯಿತು. ಇಷ್ಟೇ. ಕಾರಣ ಕೇಳಿದರೆ ಹೇಳುವುದು, ಕೇಳದಿದ್ದರೆ ಇಲ್ಲ.

ಹಿಂತಿರುಗಿದಾಗ ನಡುಮನೆಯಲ್ಲಿ ಗಂಧದ ಕಡ್ಡಿಯ ಹೊಗೆ ತುಂಬಿತ್ತು. ದೇವರ ಗೂಡಿನ ಮುಂದೆ ಬಾಳೆ ಎಲೆ, ಅದರ ಮೇಲೆ ಅನ್ನ, ಬೇಳೆ ಸಾರು, ಬೆಲ್ಲದ ಪಾಯಸ. ನಡುವೆ ನನ್ನ ಕೇಕು, ಮುರಿಯದೆ ಉಳಿದಿದ್ದ ಎರಡನೆಯದು, ಮೇಲೊಂದು ತುಳಸಿಯ ಕುಡಿ. ಎಡೆ ಮುಗಿದಿತ್ತು. ಅವ್ವ ಬಿಳಿ ದಾರವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೇಕನ್ನು ಸೀಳುತ್ತಿದ್ದಳು, ಬೇಯಿಸಿದ ಮೊಟ್ಟೆಯನ್ನು ಹೋಳು ಮಾಡುವ ಹಾಗೆ. ಮೊದಲ ತುಂಡು ಆಗಲೇ ಅತ್ತಿಗೆಯ ಬಾಯಲ್ಲಿತ್ತು.

“ಬಂದ್ಯಾ,” ಎಂದಳು ಅವ್ವ. “ಮಗಳ ಮನೆ ಸಿಹಿ ಬಂದೈತೆ, ದೇವ್ರಿಗೆ ಇಕ್ದೆ ತಿಂತಾರಾ? ಎಡೆಗಿಟ್ಟು ಮೊದ್ಲು ಬಸ್ರಿಗೆ ಕೊಟ್ಟೆ.”

ನಮ್ಮ ಕಡೆ ಮೊಟ್ಟೆಯೆಂದರೆ ಖಾರದ ಜೊತೆಗೆ. ಸಿಹಿಯೊಳಗೆ ಮೊಟ್ಟೆ ಇರಬಹುದೆಂದು ಯಾರ ತಲೆಗೂ ಹೊಳೆಯುವುದಿಲ್ಲ. ಅದು ನನಗೆ ಹೊಳೆಯಬೇಕಿತ್ತು. ಅತ್ತಿಗೆ ಅಗಿಯುತ್ತ ಅಗಿಯುತ್ತ ನನ್ನನ್ನೇ ನೋಡುತ್ತಿದ್ದಳು.

“ಅವ್ವ,” ಎಂದೆ.

“ಏನವ್ವ?”

“ಅದು, ವಸಿ ಸಿಹಿ ಜಾಸ್ತಿ ಆಗೈತೇನೋ.”

“ದೇವ್ರಿಗೆ ಸಿಹಿ ಜಾಸ್ತಿ ಆದ್ರೆ ಏನಂತೆ. ನೀನೂ ತಕೊ, ಕೈ ಒಡ್ಡು.”

ಬೇಡವೆಂದರೆ ಯಾಕೆ ಬೇಡ ಎಂಬ ಮಾತು ಬರುತ್ತದೆ. ಕೈ ಒಡ್ಡಿದೆ, ತಿಂದೆ. ಹುಟ್ಟಿದ ಮೇಲೆ ಶನಿವಾರದ ದಿನ ನಾನು ಮೊಟ್ಟೆ ತಿಂದದ್ದು ಅದೇ ಮೊದಲು, ಅದೂ ದೇವರ ಮುಂದೆ. ಅವ್ವ ತನ್ನ ತುಂಡನ್ನು ಕಣ್ಣಿಗೊತ್ತಿಕೊಂಡು ಮೂಗಿನ ಹತ್ತಿರ ತಂದಳು. ಅಲ್ಲೇ ಸ್ವಲ್ಪ ಹೊತ್ತು ಹಿಡಿದಿದ್ದಳು. ಆಮೇಲೆ ಬಾಯಿಗೆ ಹಾಕಿಕೊಂಡಳು. ಇಪ್ಪತ್ತು ಕೋಳಿ ಸಾಕುವವಳು ನಮ್ಮವ್ವ. ಮೊಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೆಟ್ಟಿದೆಯೋ ಇಲ್ಲವೋ ಹೇಳುವವಳು. ಅವಳು ಮೂಸಿದ್ದು ದ್ರಾಕ್ಷಿಯನ್ನೋ, ಬೆಣ್ಣೆಯನ್ನೋ? ನನಗೆ ತಿಳಿಯಲಿಲ್ಲ.

ಅತ್ತಿಗೆ ಹಿತ್ತಲಲ್ಲಿ ಒಬ್ಬಳೇ ಸಿಗುವವರೆಗೆ ಕಾದೆ. ಅವಳು ಹಾಸುಗಲ್ಲಿನ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು.

“ಅತ್ತಿಗೆ, ಒಂದ್ ಮಾತು.”

“ರಾತ್ರೆ ನಾನೇ ತಗ್ದಿದ್ದು,” ಎಂದಳು, ತಲೆಯೆತ್ತದೆ. “ನೀವು ಎಚ್ರ ಇದ್ದಿದ್ದೂ ಗೊತ್ತಾಯ್ತು. ಬಳೆ ಸದ್ದಾಯ್ತಲ್ಲ.”

“ಅದಲ್ಲ. ಅದರೊಳಗೆ ಏನಿದೆ ಅಂತ—”

“ಮೊಟ್ಟೆ.” ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಳು. “ಮೊದ್ಲ ತುತ್ತಿಗೇ ಗೊತ್ತಾಯ್ತು ಕಣ್ರವ್ವ. ಆರ್ ತಿಂಗ್ಳಾಯ್ತು ವಾಸ್ನೆ ನೋಡಿ, ಗೊತ್ತಾಗ್ದೆ ಇದ್ದಾದಾ?”

“ಗೊತ್ತಾದ ಮೇಲೂ ತಿಂದ್ರಾ?”

“ಒಟ್ಟೆ ಅಸಿತದೆ ಜಯಮ್ಮ. ಸೊಪ್ಪು, ಬೇಳೆ, ಸೊಪ್ಪು, ಬೇಳೆ. ಒಳಗಿರೋದು ಒದೀತದೆ, ಕೊಡು ಅಂತದೆ. ರಾತ್ರೆ ತಿಂದ್ಬುಟ್ಟು ಎದ್ರುಕೊಂಡೇ ಮಲಗಿದ್ದೆ. ಬೆಳಿಗ್ಗೆ ನೋಡುದ್ರೆ ಅತ್ತೆನೇ ದೇವ್ರ ಮುಂದ್ಲಿಂದ ತಗ್ದು ಕೈಗಿಟ್ರು. ಕೊಟ್ಟೋನು ದೇವ್ರು, ಬ್ಯಾಡ ಅನ್ನಾಕೆ ನಾನ್ಯಾರು.”

ಅವಳು ನಗುತ್ತಿದ್ದಾಳೋ ಎಂದು ನೋಡಿದೆ. ನಗುತ್ತಿರಲಿಲ್ಲ.

“ಭಯ ಆಗಲ್ವಾ?”

ಆಗ ತಲೆಯೆತ್ತಿದಳು. “ಮೊದ್ಲೆರಡು ಸಲ ಏನ್ ತಪ್ಪು ಮಾಡಿದ್ದೆ? ಏಳಿ. ಒಂದ್ ದಿನ ವಾರ ತಪ್ಪಿರ್ನಿಲ್ಲ. ಆಗ್ಲೂ ಓಯ್ತಲ್ಲ.” ಮತ್ತೆ ಕಾಯಿ ಬಿಡಿಸತೊಡಗಿದಳು. “ನಿಮ್ಮ ಮಾವ ಇವತ್ತು ಬತ್ತಾರೆ. ಅವ್ರಿಗೆ ಮಾತ್ರ ತಿಳೀಬಾರ್ದು. ಅತ್ತೆಗೂ ಬ್ಯಾಡ. ಅತ್ತೆಗೆ ತಿಳುದ್ರೆ ಅರ್ಕೆ ಮುರೀತು ಅಂತ ಅವ್ರೇ ಎದೆ ಒಡ್ಕೊಂಡು ಮಾಯಮ್ಮನ್ನ ತಂದ್ಬುಡ್ತಾರೆ.”

ಕಾಲೇಜಿನಲ್ಲಿ ತರ್ಕಶಾಸ್ತ್ರ ಒಂದು ವಿಷಯವಾಗಿತ್ತು. ಹಿತ್ತಲಿನ ಬಾಗಿಲಲ್ಲಿ ನಿಂತು ಇದನ್ನು ಸರಿಯಾಗಿ ಯೋಚಿಸಲು ನೋಡಿದೆ. ತಿಳಿಯದೆ ಕೊಟ್ಟದ್ದು ತಪ್ಪಲ್ಲ. ತಿಳಿದು ತಿಂದದ್ದು ತಪ್ಪು. ತಿಳಿದವಳು ತಿನ್ನುವಾಗ ತಿಳಿದ ನಾನು ಸುಮ್ಮನಿದ್ದದ್ದು? ದೇವರಿಗೆ ಎಡೆ ಇಟ್ಟಾಗ ದೇವರಿಗೂ ತಿಳಿದಿರಬೇಕಲ್ಲವೇ? ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಒಂದು ಹೇಂಟೆ ಬಂದು ನನ್ನ ಕಾಲಿನ ಬಳಿ ಅವರೆ ಸಿಪ್ಪೆ ಕೆದಕುತ್ತಿತ್ತು.

ಮಂಚಯ್ಯ ಮಾವ ಊಟದ ಹೊತ್ತಿಗೆ ಸರಿಯಾಗಿ ಬಂದ. ಅವನೂ ಶನಿವಾರದವನೇ, ಹಣೆಯ ತುಂಬ ನಾಮ. ಜಗಲಿಯ ಮೇಲೆ ಪಂಚೆ ಮಡಿಸಿಕೊಂಡು ಕುಳಿತು, “ಏನವ್ವ ಜಯ, ಚಿನ್ನದ ಗಣೀಲಿದ್ದೂ ಕೈಗೆ ಗಾಜಿನ ಬಳೆನಾ? ನಿನ್ ಗಂಡ ಅಷ್ಟು ಗಟ್ಟಿ ಆಸಾಮಿಯಾ?” ಎಂದು ನಕ್ಕ. ಅವನು ಕೆಟ್ಟವನಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಓಡುತ್ತಿದ್ದವನು. ಮಗಳಿಗೆ ಅಕ್ಕನ ಮನೆಯೇ ಆಗಲಿ ಎಂಬ ಆಸೆ, ಅಷ್ಟೇ.

ಊಟವಾದ ಮೇಲೆ ಅವ್ವ ಬಾಳೆ ಎಲೆಯ ಚೂರಿನಲ್ಲಿ ಎರಡು ತುಂಡು ಕೇಕು ತಂದಿಟ್ಟಳು. ಅವನು ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಹಿಂದೆ ಮುಂದೆ ತಿರುಗಿಸಿದ. ತಿನ್ನಲಿಲ್ಲ.

“ಅಕ್ಕ, ಇದ್ರಾಗೆ ಮೊಟ್ಟೆ ಐತೆ.”

ಒಳಗೆ ಪಾತ್ರೆ ಎತ್ತಿಡುತ್ತಿದ್ದ ಅತ್ತಿಗೆಯ ಕೈ ಸದ್ದು ನಿಂತಿತು.

“ನಿನ್ ತಲೇಲಿ ಐತೆ ಮೊಟ್ಟೆ,” ಎಂದಳು ಅವ್ವ. “ದೇವ್ರ ಎಡೇಲಿಟ್ಟಿದ್ನ ತಂದು ಕೊಟ್ಟಿವ್ನಿ, ಮಾತಾಡ್ತಾನೆ.”

“ಅಂಗಲ್ಲ ಕಣಕ್ಕ. ದಸರಾಕ್ಕೆ ಮೈಸೂರ್ಗೆ ಓಗಿದ್ನಲ್ಲ, ಅಲ್ಲೊಬ್ಬ ಅಂಗಡಿಯವ್ನು ಗಾಜಿನ ಪೆಟ್ಗೇಲಿ ಇಂತದ್ನೇ ಇಟ್ಟಿದ್ದ. ಎಂಗಪ್ಪ ಇಷ್ಟು ಉಬ್ಬೈತೆ ಅಂದ್ರೆ, ಮೊಟ್ಟೆ ಆಕ್ದೆ ಉಬ್ಬಾಕಿಲ್ಲ ಅಂದ. ನಮ್ಮ ಪುಟ್ಟತಾಯಿ ತಿಂದವ್ಳಾ ಇದ್ನ?”

“ಪರ್ಸಾದ ತಿನ್ದೆ ಬುಡ್ತಾಳಾ?”

ಅವನ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು. ಅವನಿಗೆ ನಿಜವಾಗಿಯೂ ದಿಗಿಲಾಗಿತ್ತು. “ಅರ್ಕೆ ಕಣಕ್ಕ ಇದು, ಆಟ ಅಲ್ಲ,” ಎಂದು ಮೆಲ್ಲಗೆ ಹೇಳಿ ನನ್ನ ಕಡೆ ತಿರುಗಿದ. “ಜಯ, ನೀನು ಓದ್ದೋಳು. ದೇವ್ರ ಗೂಡು ಎದ್ರುಗೇ ಐತೆ. ಇದ್ಕೆ ಏನೇನ್ ಆಕಿದ್ದೀಯ, ಅದೊಂದ್ ಏಳ್ಬುಡವ್ವ. ನಾನಿನ್ನೇನೂ ಕೇಳಾಕಿಲ್ಲ.”

ಇದೆ ಎಂದರೆ ಇವತ್ತೇ ಮಾಯಮ್ಮನ ಮಾತು ನಿಶ್ಚಯವಾಗುತ್ತದೆ. ಇಲ್ಲ ಎಂದು, ನಾಳೆ ಮಗುವಿಗೆ ಏನಾದರೂ ಆದರೆ, ಆ ಇಲ್ಲ ಎಂಬ ಮಾತು ಜೀವಮಾನವಿಡೀ ನನ್ನ ಬಾಯಲ್ಲಿರುತ್ತದೆ. ಅವ್ವನ ಮುಖ ನೋಡಿದೆ. ಅವಳು ನನ್ನನ್ನು ನೋಡದೆ, ಎಲೆಯ ಚೂರಿನ ಅಂಚನ್ನು ಉಗುರಿನಿಂದ ಸೀಳುತ್ತಿದ್ದಳು.

“ಮೈದಾ ಹಿಟ್ಟು, ಬೆಣ್ಣೆ, ಸಕ್ಕರೆ, ಹಾಲು, ಒಣದ್ರಾಕ್ಷಿ,” ಎಂದೆ. ಒಂದೊಂದೂ ನಿಜ. “ಮೈಸೂರಿನ ಅಂಗಡಿಯವರು ಏನು ಹಾಕ್ತಾರೋ ನನಗೆ ಗೊತ್ತಿಲ್ಲ ಮಾವ.” ಅದೂ ನಿಜ.

“ಅಷ್ಟೇಯಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, “ಇನ್ನೇನು, ನಿನ್ ಮೀಸೆ ಕತ್ತರಿಸಿ ಆಕ್ಬೇಕಿತ್ತಾ?” ಎಂದಳು. “ನೆನ್ನೆ ಬಂದ ತಕ್ಷಣ ನಾನೇ ಕೇಳಿವ್ನಿ ಇವ್ಳ್ನ. ಏನಾಕಿದ್ದೀಯ, ಬಸ್ರಿ ಅವ್ಳೆ ಮನೇಲಿ ಅಂತ. ಕೇಳ್ದೆ ಎಡೆಗಿಡಾಕೆ ನಂಗೇನ್ ಬುದ್ಧಿ ಇಲ್ವಾ?”

ಅವ್ವ ಕೇಳಿರಲಿಲ್ಲ. ಅಥವಾ ಕೇಳಿದ್ದಳೋ? ಶುಕ್ರವಾರ ಸಂಜೆಯ ಮಾತುಗಳನ್ನೆಲ್ಲ ಮೊದಲಿಂದ ನೆನಪು ಮಾಡಿಕೊಂಡೆ. ಗಾಡಿ, ಕಾಲು ತೊಳೆದದ್ದು, ಹರಕೆ, ಮುದ್ದೆ. ಎಲ್ಲಿಯೂ ಆ ಪ್ರಶ್ನೆ ಇರಲಿಲ್ಲ. ಆದರೆ ಅವ್ವ ಹೇಳಿದ ರೀತಿ ಎಷ್ಟು ಸಹಜವಾಗಿತ್ತೆಂದರೆ, ನನ್ನ ನೆನಪೇ ತಪ್ಪಿರಬಹುದೆಂದು ಕ್ಷಣಕಾಲ ನಂಬಿದೆ.

ಮಾವ ದೊಡ್ಡದಾಗಿ ಉಸಿರುಬಿಟ್ಟ. “ಅಂಗಾರೆ ಸರಿ ಬುಡು. ಸನಿವಾರ ಅಂತ ಕೈಲಿ ಇಡ್ಕೊಂಡು ಕುಂತಿದ್ನಲ್ಲ,” ಎಂದು ತುಂಡನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಎರಡನೆಯದನ್ನೂ ತಿಂದ. ಇನ್ನೊಂದು ಕೇಳಿ ಹಾಕಿಸಿಕೊಂಡ. ಮೂರು ನಾಮದ ಹಣೆ ಅಗಿಯುವಾಗ ಮೇಲೆ ಕೆಳಗೆ ಅಲ್ಲಾಡುವುದನ್ನು ನೋಡುತ್ತ ನಿಂತೆ. ಇವನ ಶನಿವಾರವೂ ನನ್ನಿಂದ ಹೋಯಿತು. ಹೊರಡುವಾಗ ಮೆಟ್ಟು ಮೆಟ್ಟಿಕೊಳ್ಳುತ್ತ, “ಮೂಗಿಗೆ ಯಾಕೋ ಮೊಟ್ಟೆ ವಾಸ್ನೆನೇ ಬತ್ತದೆ. ಇರ್ಲಿ,” ಎಂದ.

ಸೂರ್ಯ ಇಳಿಯುವ ಹೊತ್ತಿಗೆ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಡುಮನೆಯ ಕಂಬಕ್ಕೆ ಒರಗಿದಳು. ಮುಖ ಬೆವತಿತ್ತು. ಕೇಳಿದರೆ, “ಇಡೀತಾ ಐತೆ,” ಎಂದಷ್ಟೇ ಹೇಳಿದಳು. ಅವ್ವ ಅವಳನ್ನು ಚಾಪೆಯ ಮೇಲೆ ಎಡಮಗ್ಗುಲಿಗೆ ಮಲಗಿಸಿ, ಸೊಂಟಕ್ಕೆ ಹರಳೆಣ್ಣೆ ಹಚ್ಚಿ ನೀವತೊಡಗಿದಳು. ಇನ್ನು ಮುಚ್ಚಿಡುವುದು ಸರಿಯಲ್ಲ, ಏನಾದರೂ ಪರಿಹಾರ, ತಪ್ಪುಕಾಣಿಕೆ ಕಟ್ಟುವುದಿದ್ದರೆ ಈಗಲೇ ಕಟ್ಟಬೇಕು ಎನಿಸಿತು.

“ಅವ್ವ, ನಾನೊಂದು ಹೇಳಬೇಕು. ಬೆಳಿಗ್ಗೆ ಎಡೆಗೆ ಇಟ್ಟೆಯಲ್ಲ—”

“ಬಾಯ್ ಮುಚ್ಕೊಂಡು ಬಿಸ್ನೀರು ತಾ.”

ತಂದುಕೊಟ್ಟೆ. ಅತ್ತಿಗೆ ಓಂಕಾಳು ಹಾಕಿದ ನೀರು ಕುಡಿದು, ಎದ್ದು ಕುಳಿತು ಉದ್ದವಾಗಿ ತೇಗಿದಳು. ಮತ್ತೊಂದು ಸಲ ತೇಗಿ, ಮೆಲ್ಲಗೆ ಮಲಗಿ ಕಣ್ಣು ಮುಚ್ಚಿದಳು. ಅವ್ವ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಸ್ವಲ್ಪ ಹೊತ್ತಿಗೆ ಅವ್ವನ ಅಂಗೈ ಕೆಳಗಿನಿಂದ ಒದ್ದಂತೆ ಅಲುಗಿತು. ನಾನೂ ಕಂಡೆ.

“ವಾಯು,” ಎಂದಳು ಅವ್ವ. “ಆಗ್ದೆ ಇನ್ನೇನು? ರಾತ್ರೆ ಒಂದ್ ಇಡಿ, ಬೆಳಿಗ್ಗೆ ಒಂದ್ ತುಂಡು, ಮಂಚಯ್ಯ ಓದ್ ಮ್ಯಾಲೆ ಇನ್ನೊಂದು.”

ನಾನು ಅವಳನ್ನೇ ನೋಡಿದೆ. “ರಾತ್ರಿದು ನಿನಗೆ ಗೊತ್ತಿತ್ತಾ?”

“ನೀನೊಬ್ಳೇ ಎಚ್ರ ಇದ್ದಿದ್ದಾ?”

ಹಾಗಾದರೆ ಮುರಿಯದ ಕೇಕನ್ನೇ ಆರಿಸಿ ಎಡೆಗೆ ಇಟ್ಟದ್ದು ಅದಕ್ಕೆ. ಎಂಜಲಾದದ್ದನ್ನು ದೇವರಿಗೆ ಇಡಬಾರದೆಂದು. ಅಥವಾ ಸೊಸೆ ಕದ್ದು ತಿಂದದ್ದನ್ನು ಬೆಳಿಗ್ಗೆ ದೇವರ ಕೈಯಿಂದ ಕೊಡಿಸಿದ ಹಾಗಾಗಲಿ ಎಂದೋ? ಅಥವಾ ಎರಡೂ ಅಲ್ಲದೆ, ಅದು ಕೈಗೆ ಮೊದಲು ಸಿಕ್ಕಿತೆಂದೋ? ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದ ಅವ್ವನನ್ನು ನೇರವಾಗಿ ಕೇಳಿದೆ.

“ಅವ್ವ, ಅದರೊಳಗೆ ಏನಿದೆ ಅಂತ ನಿನಗೆ ಗೊತ್ತಾ?”

“ನೀನೇ ಏಳ್ದಲ್ಲ ಮದ್ಯಾನ. ಮೈದಾ ಇಟ್ಟು, ಬೆಣ್ಣೆ, ಸಕ್ರೆ, ಆಲು, ದ್ರಾಕ್ಸಿ.” ನಾನು ಹೇಳಿದ ಕ್ರಮದಲ್ಲೇ ಹೇಳಿದಳು. “ಅದ್ರ ಮ್ಯಾಲೆ ನಾನೇನೂ ಕೇಳ್ನಿಲ್ಲ, ನೀನೇನೂ ಏಳ್ನಿಲ್ಲ.”

ಎದ್ದು ದೀಪಕ್ಕೆ ಎಣ್ಣೆ ಹಾಕಲು ಹೋದಳು. ಚಾಪೆಯ ಮೇಲೆ ಅತ್ತಿಗೆ ಕಣ್ಣು ಮುಚ್ಚಿಯೇ ಇ‍ದ್ದಳು. ನಿದ್ರೆಯೋ, ಕೇಳಿಸಿಕೊಳ್ಳುತ್ತಿದ್ದಳೋ ತಿಳಿಯಲಿಲ್ಲ. ಅವ್ವನಿಗೆ ತಿಳಿಯಬಾರದೆಂದು ಅತ್ತಿಗೆ ಹೆದರುತ್ತಾಳೆ. ಅವ್ವನಿಗೆ ತಿಳಿದಿದ್ದರೆ, ತನಗೆ ತಿಳಿದಿದೆ ಎಂಬುದು ಅತ್ತಿಗೆಗೆ ತಿಳಿಯಬಾರದೆಂದು ಅವ್ವ ನೋಡಿಕೊಳ್ಳುತ್ತಿದ್ದಾಳೆ. ತಿಳಿದಿಲ್ಲದಿದ್ದರೆ, ನಾನು ಊಹಿಸಿಕೊಂಡದ್ದೆಲ್ಲ ಸುಳ್ಳು. ಒಬ್ಬರನ್ನು ಇನ್ನೊಬ್ಬರಿಂದ ಕಾಯುವುದು ನನ್ನ ಕೆಲಸವೋ, ಇಬ್ಬರೂ ಸೇರಿ ನನ್ನನ್ನು ಕಾಯುತ್ತಿದ್ದಾರೋ?

ಕತ್ತಲಾಗುವ ಹೊತ್ತಿಗೆ ಅಣ್ಣ ಬಂದ. ಎತ್ತು ಬಿಚ್ಚಿ, ಕೈಕಾಲು ತೊಳೆದು, ಒಳಗೆ ಬಂದವನು ಮಲಗಿದ್ದ ಹೆಂಡತಿಯನ್ನು ನೋಡಿ ನಿಂತ. ವಾಯು ಎಂದಳು ಅವ್ವ ಒಲೆಯ ಮುಂದಿನಿಂದ. ಅವನು ನನ್ನ ಎದುರಿಗೆ ಕುಳಿತ. ನನಗಿಂತ ನಾಲ್ಕು ವರ್ಷ ದೊಡ್ಡವನು, ಮಾತು ಕಡಿಮೆ.

“ದಾರೀಲಿ ಮಾವ ಸಿಕ್ಕಿದ್ದ,” ಎಂದ. “ಮೊಟ್ಟೆ ಅಂದ, ಇಲ್ಲ ಅಂದ, ಆದ್ರೂ ಅನುಮಾನ ಅಂದ. ಅರ್ಕೆ ಮುರ್ದಿದ್ರೆ ಕುಂತು ಮಾತಾಡಾನ ಅಂದ.” ಒಮ್ಮೆ ಚಾಪೆಯ ಕಡೆ ನೋಡಿ ದನಿ ತಗ್ಗಿಸಿದ. “ನಂಗೆ ಇನ್ನೊಬ್ಳು ಬ್ಯಾಡ ಕಣವ್ವ ಜಯ. ಅದ್ಕೇ ಕೇಳ್ತಿರೋದು. ನಂಗಾದ್ರೂ ನಿಜ ಏಳು. ನಾನು ಯಾರ್ಗೂ ಏಳಾಕಿಲ್ಲ.”

ಅವನಿಗೆ ಹೇಳಬಹುದಿತ್ತು. ಹೇಳಿದರೆ ನನ್ನ ಭಾರ ಅರ್ಧವಾಗುತ್ತಿತ್ತು. ಆದರೆ ಅವನು ತಿಂಗಳುಗಟ್ಟಲೆ ಹೆಂಡತಿಯ ಹೊಟ್ಟೆಯನ್ನು ನೋಡಿದಾಗಲೆಲ್ಲ ಅದನ್ನೇ ನೆನೆಯುತ್ತಾನೆ. ಮಗು ಉಳಿದರೆ ಮರೆಯುತ್ತಾನೆ. ಉಳಿಯದಿದ್ದರೆ, ಬೇಡವೆಂದವನೇ ಮಾವನ ಜೊತೆ ಕುಳಿತು ಮಾತಾಡುತ್ತಾನೆ. ಒಲೆಯ ಮುಂದೆ ಸೌಟಿನ ಸದ್ದು ನಿಂತಿತ್ತು. ಚಾಪೆಯ ಮೇಲೆ ಉಸಿರಿನ ಸದ್ದೂ ಕೇಳುತ್ತಿರಲಿಲ್ಲ.

“ಮಾವನಿಗೆ ಹೇಳಿದ್ದೇ ಅಣ್ಣ,” ಎಂದೆ. “ಬೇರೆ ಏನೂ ಇಲ್ಲ.”

ಅವನು ತಲೆಯಾಡಿಸಿ ಊಟಕ್ಕೆ ಎದ್ದ. ಸೌಟು ಮತ್ತೆ ಆಡಿತು. ಗಣಿಗೆ ಹಿಂತಿರುಗಿದ ಮೇಲೆ ನನ್ನ ಗಂಡ ಕೇಳುತ್ತಾರೆ, ಕೇಕು ಎಲ್ಲರಿಗೂ ಸೇರಿತೇ ಎಂದು. ಮಿಸೆಸ್ ಪೆರೇರಾ ಕೂಡ ಕೇಳುತ್ತಾರೆ. ಇಬ್ಬರಿಗೂ, ಸೇರಿತು ಎನ್ನುವುದು, ಅಷ್ಟೇ. ಯಾರಿಗೂ ಹೇಳುವುದಿಲ್ಲ. ಅವ್ವನಿಗೆ ಎಷ್ಟು ತಿಳಿದಿದೆ ಎಂದು ಅವ್ವನನ್ನೂ ಇನ್ನು ಕೇಳುವುದಿಲ್ಲ.